576ರಲ್ಲಿ ಒಬ್ಬಳು

ಜಾನ್ ವಿನ್ಸ್ಲೊ ಅನ್ನುವ ಇಂಗ್ಲಿಷ್ ಸೇನಾಧಿಕಾರಿ 1755ರಲ್ಲಿ, ತಾನು ಊರು ಬಿಡಿಸಬೇಕಿದ್ದ ಅಕೇಡಿಯನ್ ರೈತರದ್ದು ಒಂದು ಪಟ್ಟಿ ಮಾಡಿದ. ಮೊದಲು ಮನೆಯ ಯಜಮಾನನ ಹೆಸರು. ಪಕ್ಕದಲ್ಲಿ ಗಂಡುಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು. ಅದಕ್ಕೆ ತಾಗಿಕೊಂಡೇ ಎತ್ತು, ಹಸು, ಕುರಿ, ಹಂದಿ, ಕುದುರೆ. ಕೊನೆಯಲ್ಲಿ ಮೊತ್ತ. ಗಂಡಸರು 483, ಮದುವೆಯಾದ ಹೆಂಗಸರು 337, ಗಂಡುಮಕ್ಕಳು 527, ಹೆಣ್ಣುಮಕ್ಕಳು 576. ಕುರಿಗಳು 8,690.

ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವಳು. ಪಟ್ಟಿ ಕಂಡರೆ ಕಣ್ಣು ಸೀದಾ ಮೊತ್ತಕ್ಕೇ ಹೋಗುತ್ತದೆ. ಈ ಪಟ್ಟಿಯಲ್ಲಿ ಹಾಗಾಗಲಿಲ್ಲ. ಯಜಮಾನರಿಗೆ ಹೆಸರಿದೆ. ಅವರ ಹೆಣ್ಣುಮಕ್ಕಳಿಗೆ ಅಂಕಿ ಮಾತ್ರ. 2, 4, 1, 5 ಅಂತ ಸಾಲಾಗಿ ಕೆಳಗಿಳಿಯುವ ಅಂಕಿಗಳು. ಅದರಲ್ಲಿ ಒಬ್ಬಳ ಕತೆ ಬರೆಯೋಣ ಅನ್ನಿಸಿತು. ಅದೂ ಕನ್ನಡದಲ್ಲಿ. ನನಗೆ ಕತೆ ಬರೆಯಲು ಬರುವುದು ಆ ಒಂದು ಭಾಷೆಯಲ್ಲೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಕೇಡಿಯನ್ನರು ಅಂದರೆ 17ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು, ಈಗ ಕೆನಡಾದಲ್ಲಿರುವ ನೋವಾ ಸ್ಕೋಶಿಯ ಸುತ್ತಮುತ್ತ ಬೇರೂರಿದ ರೈತರು. ಅದು ಮೊದಲಿನಿಂದ ಮಿಗ್‌ಮಾ ಜನರ ನೆಲ. 1713ರ ಯುಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸ್ ಅದನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ರೈತರು ಇದ್ದಲ್ಲೇ ಇದ್ದರು. ನಿಮ್ಮ ರಾಜನಿಗೆ ನಿಷ್ಠರಾಗಿರುತ್ತೇವೆ, ಆದರೆ ಯುದ್ಧ ಬಂದರೆ ಯಾರ ಪರವಾಗಿಯೂ ಕೋವಿ ಹಿಡಿಯುವುದಿಲ್ಲ ಅಂದರು. 1730ರಲ್ಲಿ ಗವರ್ನರ್ ರಿಚರ್ಡ್ ಫಿಲಿಪ್ಸ್ ಅದಕ್ಕೆ ಬಾಯಿಮಾತಿನಲ್ಲಿ ಒಪ್ಪಿದ. ಆ ಬಾಯಿಮಾತನ್ನು ನಂಬಿ ಅವರು 25 ವರ್ಷ ಬದುಕಿದರು. 1755ರ ಜೂನಿನಲ್ಲಿ ಫ್ರೆಂಚರ ಬೋಸೆಜೂರ್ ಕೋಟೆ ಇಂಗ್ಲಿಷರ ಕೈಗೆ ಬಂತು. ಕೋಟೆಯೊಳಗೆ ಒಂದಷ್ಟು ಅಕೇಡಿಯನ್ನರೂ ಇದ್ದರು. ಅಷ್ಟು ನೆಪ ಸಾಕಾಯಿತು. ಜುಲೈ 28ರಂದು ಹ್ಯಾಲಿಫ್ಯಾಕ್ಸಿನಲ್ಲಿ ಆಗಿನ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್ ಮತ್ತು ಅವನ ಮಂಡಳಿ ಕೂತು, ಎಲ್ಲರನ್ನೂ ಹಡಗಿಗೆ ತುಂಬಿ ದಕ್ಷಿಣದ ಇಂಗ್ಲಿಷ್ ವಸಾಹತುಗಳಿಗೆ ಚೆದುರಿಸಬೇಕು ಅಂತ ತೀರ್ಮಾನಿಸಿತು. 1763ರವರೆಗೆ ಇದು ನಡೆಯಿತು. ಹತ್ತು ಸಾವಿರದಷ್ಟು ಜನ ಊರು ಬಿಡಬೇಕಾಯಿತು. ಅದರಲ್ಲಿ ಸಾವಿರಾರು ಜನ ಕಾಯಿಲೆಯಿಂದ, ಹಡಗು ಮುಳುಗಿ, ಹಸಿವಿನಿಂದ ಸತ್ತರು.

ನಾನಿರುವುದು ಅದೇ ಹ್ಯಾಲಿಫ್ಯಾಕ್ಸಿನಲ್ಲಿ. ಬಂದರಿನ ಹತ್ತಿರ ನಿಂತರೆ ಎದುರಿಗೇ ಜಾರ್ಜಸ್ ದ್ವೀಪ ಕಾಣುತ್ತದೆ. ಹಸಿರು ಗುಡ್ಡ, ಒಂದು ದೀಪಸ್ತಂಭ. ಅಕೇಡಿಯನ್ನರನ್ನು ಅಲ್ಲಿ ಸೆರೆಯಿಟ್ಟಿದ್ದರು ಅಂತ ಗೊತ್ತಾಗುವ ಮೊದಲು ನಾನು ಅದನ್ನು ನೋಡುತ್ತಾ ಎಷ್ಟೋ ಸಲ ಕಾಫಿ ಕುಡಿದಿದ್ದೇನೆ.

ಕತೆಗೆ ಆರಿಸಿಕೊಂಡ ಊರು ಗ್ರಾನ್‌ಪ್ರೇ. ಕಾರಿನಲ್ಲಿ ಇಲ್ಲಿಂದ ಒಂದು ಗಂಟೆ ದಾರಿ. ವಿನ್ಸ್ಲೊ ಬೀಡುಬಿಟ್ಟಿದ್ದು ಅಲ್ಲೇ. ದಿನಚರಿ ಬರೆದದ್ದೂ ಅಲ್ಲೇ. ಆ ದಿನಚರಿ 19ನೇ ಶತಮಾನದಲ್ಲಿ ಅಚ್ಚಾಗಿದೆ, ಇಂಟರ್‌ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅವನ ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಒಂದೇ ಪುಟದಲ್ಲಿ ಒಂದು ಪದವನ್ನು ಎರಡು ಥರ ಬರೆಯುತ್ತಾನೆ. ಗಟ್ಟಿಯಾಗಿ ಓದಿಕೊಂಡರೆ ಅರ್ಥವಾಗುತ್ತದೆ.

ಅಲ್ಲಿಗೆ ಹೋದಾಗ ನನ್ನ ಗಂಡ, ಮಗ ಇಬ್ಬರೂ ಇಗರ್ಜಿ ನೋಡಲು ಹೋದರು. ಅದು 1922ರಲ್ಲಿ ನೆನಪಿಗಾಗಿ ಕಟ್ಟಿದ ಹೊಸ ಇಗರ್ಜಿ. ನಾನು ಗದ್ದೆಯ ಕಡೆ ಇಳಿದೆ. ಫಂಡಿ ಕೊಲ್ಲಿಯ ಉಬ್ಬರವಿಳಿತ ಪ್ರಪಂಚದಲ್ಲೇ ದೊಡ್ಡದು, ಕೆಲವು ಕಡೆ ನೀರು 16 ಮೀಟರಿನಷ್ಟು ಏರಿಳಿಯುತ್ತದೆ. ಅಂಥ ಸಮುದ್ರಕ್ಕೆ ಒಡ್ಡು ಕಟ್ಟಿ ಇವರು ಗೋಧಿ ಬೆಳೆದಿದ್ದರು. ಜೌಗಿನ ಹುಲ್ಲುಹೆಂಟೆಗಳನ್ನು ಇಟ್ಟಿಗೆಯ ಹಾಗೆ ಕೊಯ್ದು ಪೇರಿಸಿದ ಒಡ್ಡು. ಅದರ ಬುಡದಲ್ಲಿ ಮರದ ತೋಡು, ತೋಡಿನೊಳಗೆ ಒಂದು ಬಾಗಿಲು. ಇದಕ್ಕೆ ಅಬ್ವಾತೋ ಅಂತಾರೆ. ಇಳಿತದಲ್ಲಿ ಗದ್ದೆಯ ಮಳೆನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರ ಬಂದರೆ ಸಮುದ್ರವೇ ಅದನ್ನು ಮುಚ್ಚುತ್ತದೆ.

ನಾನು ಕುಮಟಾ ಕಡೆಯವಳು. ಅಘನಾಶಿನಿ ನದಿಯ ದಡದಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆಯುವ ಗಜನಿ ಗದ್ದೆಗಳನ್ನು ನೋಡಿ ಬೆಳೆದವಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಒಡ್ಡು ಒಡೆದರೆ ಏನಾಗುತ್ತದೆ, ಒಬ್ಬ ಸೋಮಾರಿಯಾದರೆ ಊರಿಗೆಲ್ಲ ಹೇಗೆ ಪೆಟ್ಟು ಅಂತ ಚೆನ್ನಾಗಿ ಗೊತ್ತು. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಕಗ್ಗ ಭತ್ತ ಉಪ್ಪನ್ನು ತಡೆದುಕೊಳ್ಳುತ್ತದೆ, ಗೋಧಿ ತಡೆಯುವುದಿಲ್ಲ. ಒಡ್ಡು ಕಟ್ಟಿದ ಮೇಲೆ ಮಳೆ ಬಂದು ಉಪ್ಪು ತೊಳೆದು ಹೋಗಲಿ ಅಂತ ಎರಡು ಮೂರು ವರ್ಷ ಕಾಯಬೇಕು. ಅಂದರೆ ಈ ನೆಲಕ್ಕೆ ಇವರು ದುಡಿದದ್ದು ಒಂದು ಪೈರಿನ ಆಸೆಗಲ್ಲ, ಮೊಮ್ಮಕ್ಕಳ ಕಾಲದವರೆಗಿನ ಲೆಕ್ಕದಲ್ಲಿ. ಇದು ತಲೆಗೆ ಹೋದ ಮೇಲೆ ಕತೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಯಿತು. ಹಡಗಿನಲ್ಲಿ ಅಲ್ಲ, ನೆಲದ ಮೇಲೆ.

ಅದಕ್ಕೆ ಮೊದಲು ಒಂದು ನೆರಳು ದಾಟಬೇಕಿತ್ತು. ಗ್ರಾನ್‌ಪ್ರೇಯ ಇಗರ್ಜಿಯ ಮುಂದೆ ಒಂದು ಕಂಚಿನ ಹುಡುಗಿ ನಿಂತಿದ್ದಾಳೆ, ಇವಾಂಜೆಲಿನ್. ನಿಜವಾಗಿ ಇದ್ದವಳಲ್ಲ. 1847ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೊ ತನ್ನ ಕಾವ್ಯದಲ್ಲಿ ಕಟ್ಟಿದವಳು. ಮದುವೆಯ ಹೊತ್ತಿಗೆ ಪ್ರಿಯಕರ ಕೈತಪ್ಪುತ್ತಾನೆ. ಜೀವನಪೂರ್ತಿ ಅವನನ್ನು ಹುಡುಕುತ್ತಾಳೆ. ಕವಿ ಗ್ರಾನ್‌ಪ್ರೇಗೆ ಬಂದವನೇ ಅಲ್ಲ. ಆದರೂ ಆ ಕಾವ್ಯದಿಂದ ಜಗತ್ತಿಗೆ ಅಕೇಡಿಯನ್ನರ ಸುದ್ದಿ ಮುಟ್ಟಿತು, ಅದನ್ನು ಇಲ್ಲ ಅನ್ನಲಾಗದು. ಆದರೆ ಅಂದಿನಿಂದ ಅಕೇಡಿಯನ್ ಹುಡುಗಿ ಅಂದರೆ ಬಿಳಿ ಟೋಪಿ ಹಾಕಿ, ಹಿಂದಿರುಗಿ ನೋಡುತ್ತಾ ನಿಟ್ಟುಸಿರು ಬಿಡುವವಳು ಅಂತಲೇ ಆಗಿದೆ. ನನ್ನ ಹುಡುಗಿಗೆ ಪ್ರಿಯಕರ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಹೆಸರು ಮಾರ್ಗರೀತ್ ಅಂತ ಇಟ್ಟೆ. ಮಾರಿ, ಮಾರ್ಗರೀತ್, ಆನ್, ಮದ್‌ಲೆನ್ ಇವೇ ನಾಲ್ಕಾರು ಹೆಸರು ಅವರಲ್ಲಿ ಸುತ್ತಿ ಸುತ್ತಿ ಬರುತ್ತವೆ. ವಯಸ್ಸು 18. ಅಪ್ಪ, ಅಮ್ಮ, ಒಬ್ಬ ಅಣ್ಣ, ಹತ್ತು ತುಂಬಿದ ತಮ್ಮ ಪಿಯೇರ್. ತಮ್ಮನ ವಯಸ್ಸು ಯಾಕೆ ಹತ್ತು ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಸೆಪ್ಟೆಂಬರ್ 5, ಶುಕ್ರವಾರ. ಬೆಳೆ ಕೊಯ್ದು ಕಣಜಕ್ಕೆ ಬರುವ ಕಾಲ. ಹತ್ತು ವರ್ಷಕ್ಕೆ ಮೇಲ್ಪಟ್ಟ ಗಂಡಸರೆಲ್ಲ ಮಧ್ಯಾಹ್ನ ಮೂರಕ್ಕೆ ಇಗರ್ಜಿಗೆ ಬರಬೇಕು, ರಾಜನ ಮಾತು ಹೇಳಲಿಕ್ಕಿದೆ ಅಂತ ಡಂಗುರ. ಪಾದ್ರಿಗಳನ್ನು ಆಗಸ್ಟಿನಲ್ಲೇ ಹಿಡಿದುಕೊಂಡು ಹೋಗಿದ್ದರು. ಕೋವಿ, ದೋಣಿಗಳನ್ನೂ ಅದಕ್ಕೆ ಮೊದಲೇ ಕಿತ್ತುಕೊಂಡಿದ್ದರು. 418 ಜನ ಒಳಗೆ ಹೋದರು. ಬಾಗಿಲು ಮುಚ್ಚಿತು. ವಿನ್ಸ್ಲೊ ಇಂಗ್ಲಿಷಿನಲ್ಲಿ ಓದಿದ, ದುಭಾಷಿಗಳು ಫ್ರೆಂಚಿನಲ್ಲಿ ಹೇಳಿದರು. ನಿಮ್ಮ ಜಮೀನು, ಮನೆ, ದನಕರು ಎಲ್ಲ ರಾಜನಿಗೆ ಸೇರಿತು. ಕೈಯಲ್ಲಿರುವ ದುಡ್ಡು, ಹೊತ್ತುಕೊಳ್ಳಬಹುದಾದ ಮನೆಸಾಮಾನು ಮಾತ್ರ ನಿಮ್ಮದು. ನೀವು ಈಗ ಕೈದಿಗಳು.

ಎಲ್ಲ ಕತೆಗಳೂ ಇಲ್ಲಿ ಇಗರ್ಜಿಯ ಒಳಗೇ ನಿಲ್ಲುತ್ತವೆ. ನನ್ನವಳು ಹೊರಗಿದ್ದಾಳೆ. ಅವಳಿಗೆ ಯಾವಾಗ ಗೊತ್ತಾಯಿತು? ಯಾರು ಹೇಳಿದರು? ದಿನಚರಿಯಲ್ಲಿ ಉತ್ತರ ಇತ್ತು. ಕೈದಿಗಳೇ ಕೇಳಿಕೊಂಡ ಮೇಲೆ ದಿನಕ್ಕೆ 20 ಜನರನ್ನು ಮನೆಗೆ ಹೋಗಿ ಬರಲು ಬಿಡುತ್ತಿದ್ದರು. ಅವರು ವಾಪಸ್ ಬರುವುದಕ್ಕೆ ಉಳಿದವರೇ ಹೊಣೆ. ಇನ್ನೊಂದು ಸಾಲೂ ಇತ್ತು. ಕೈದಿಗಳ ಊಟ ಅವರವರ ಮನೆಯಿಂದಲೇ ಬರಬೇಕು.

ಈ ಸಾಲು ಓದಿದ ವಾರ ಊರಿಗೆ ಫೋನ್ ಮಾಡಿದಾಗ ಆಯಿಗೆ ಹೇಳಿದೆ. ಆಯಿಗೆ ಇತಿಹಾಸದ ಮೇಲೆ ಅಂಥ ಆಸಕ್ತಿ ಏನಿಲ್ಲ. ಆದರೆ ಊಟದ ವಿಷಯ ಬಂದರೆ ಕಿವಿ ಚುರುಕು.

“ಎಷ್ಟು ದಿನ ಕೂಡಿಹಾಕಿದ್ರು?” ಅಂದಳು.

“ಹತ್ತಿರ ಹತ್ತಿರ ಐದು ವಾರ, ಆಯಿ. ಹಡಗು ಸಾಕಾಗ್ಲಿಲ್ಲ.”

“ಅಷ್ಟೂ ದಿನ ಮನೆಯಿಂದ ಊಟ?”

“ಹೌದು.”

“ಹಂಗಾರೆ ಹೆಂಗಸರಿಗೆ ಅಳೂಕೂ ಪುರಸೊತ್ತಿಲ್ಲ ಬಿಡು. ಆಕಳು ಕರೆಯೋರು ಯಾರು? ಕಟ್ಟಿಗೆ ಒಡೆಯೋರು ಯಾರು? ಹೊತ್ಕೊಂಡು ಹೋಗೋರು ಯಾರು?”

ನನ್ನ ಕತೆ ಸಿಕ್ಕಿದ್ದು ಆಗ. ಸೆಪ್ಟೆಂಬರ್ 5ರಿಂದ ಅಕ್ಟೋಬರ್ 8ರವರೆಗಿನ ಕೆಲಸ. ದೇಶ ಬಿಟ್ಟು ಓಡಿಸಲು ಬಂದವರ ಕೈದಿಗಳಿಗೆ, ಆ ಕೈದಿಗಳ ಮನೆಯ ಹೆಂಗಸರೇ ದಿನಾ ರೊಟ್ಟಿ ಸುಟ್ಟು ಒಯ್ದರು. ಇಷ್ಟು ಕಡಿಮೆ ಖರ್ಚಿನಲ್ಲಿ ನಡೆದ ಸೆರೆಮನೆ ಇನ್ನೊಂದಿಲ್ಲ ಅಂತ ನನ್ನೊಳಗಿನ ಲೆಕ್ಕದವಳಿಗೆ ಅನ್ನಿಸಿತು. ಕೋಪವೂ ಬಂತು.

ಆಮೇಲಿನ ತಿಂಗಳುಗಳು ಅಡುಗೆಮನೆಯಲ್ಲೇ ಕಳೆದವು, ಅವರ ಅಡುಗೆಮನೆಯಲ್ಲಿ. ಆನಾಪೊಲಿಸ್ ನದಿಯ ಹತ್ತಿರ ಬೆಲಿಲ್ ಅನ್ನುವ ಕಡೆ ಅಕೇಡಿಯನ್ನರ ಮನೆಗಳನ್ನು ಅಗೆದು ತೆಗೆದಿದ್ದಾರೆ. ಮಣ್ಣಿಗೆ ಜೌಗುಹುಲ್ಲು ಕಲಸಿ ಮೆತ್ತಿದ ಗೋಡೆ. ಒಲೆಯ ಬೆನ್ನಿಗೆ ಅಂಟಿಕೊಂಡಂತೆ ರೊಟ್ಟಿ ಸುಡುವ ಗೂಡು. ಗೋಧಿ ರೊಟ್ಟಿ, ಬಟಾಣಿ ಸಾರು, ಎಲೆಕೋಸು, ಟರ್ನಿಪ್ ಗಡ್ಡೆ, ಉಪ್ಪು ಹಚ್ಚಿದ ಹಂದಿಮಾಂಸ, ಸೇಬು. ಈಗ ಅಕೇಡಿಯನ್ ಊಟ ಅಂತ ಹೋಟೆಲುಗಳಲ್ಲಿ ಕೊಡುವ ತುರಿದ ಆಲೂಗಡ್ಡೆಯ ತಿಂಡಿಗಳೆಲ್ಲ ಹೆಚ್ಚಾಗಿ ನಂತರದವು. ಹಾಗಾಗಿ ನನ್ನ ಕತೆಯಲ್ಲಿ ಆಲೂಗಡ್ಡೆ ಇಲ್ಲ. ಇದನ್ನು ಯಾರೂ ಗಮನಿಸಲಿಲ್ಲ, ಗಮನಿಸುವುದೂ ಇಲ್ಲ. ಆದರೂ ನನಗೆ ಸಮಾಧಾನ.

ಕತೆಯ ಮೊದಲ ದೃಶ್ಯ ಹೀಗೆ ಬಂತು.

ಅಮ್ಮ ಹಿಟ್ಟಿನ ಮರಿಗೆಗೆ ಕೈ ಹಾಕಿ ನಿಂತಿದ್ದಳು. “ಎಷ್ಟು ಜನಕ್ಕೆ ನಾದಲಿ?”

“ಅಪ್ಪ, ಅಣ್ಣ, ಪಿಯೇರ್. ಮೂರು,” ಅಂದಳು ಮಾರ್ಗರೀತ್.

“ಒಡ್ಡಿನ ಆಚೆಯ ಅಜ್ಜನಿಗೆ ಯಾರಿದ್ದಾರೆ? ನಾಲ್ಕು ಅಂತ ಇಟ್ಟುಕೋ.”

ನಾದುತ್ತಾ ನಾದುತ್ತಾ ಅಮ್ಮ ಮತ್ತೆ ನಿಂತಳು. “ಪಿಯೇರನಿಗೆ ಹತ್ತು ತುಂಬಿ ಎಷ್ಟು ದಿನ ಆಯ್ತು?”

“ಎರಡು ತಿಂಗಳು.”

“ಒಂಬತ್ತು ಅನ್ನಬಹುದಿತ್ತು. ಒಂಬತ್ತು ಅಂದಿದ್ದರೆ ಅವರೇನು ಹಲ್ಲು ಎಣಿಸುತ್ತಿದ್ದರಾ?” ಅಂದಳು. ಹಿಟ್ಟನ್ನು ಮರಿಗೆಗೆ ಅಪ್ಪಳಿಸಿದಳು.

ಈ ದೃಶ್ಯ ಒಂದೇ ಕೂತಿನಲ್ಲಿ ಬಂತು. ಉಳಿದದ್ದು ಇಷ್ಟು ಸುಲಭಕ್ಕೆ ಬರಲಿಲ್ಲ. ಸೆಪ್ಟೆಂಬರ್ 10ರ ದೃಶ್ಯವನ್ನು ಎಷ್ಟು ಥರ ಬರೆದೆನೋ. ಒಳಗಿರುವವರ ಸಂಖ್ಯೆ ಜಾಸ್ತಿ, ಕಾಯುವ ಸೈನಿಕರು ಕಡಿಮೆ, ದಂಗೆ ಏಳಬಹುದು ಅಂತ ವಿನ್ಸ್ಲೊಗೆ ಹೆದರಿಕೆ ಶುರುವಾಗಿತ್ತು. ಅದಕ್ಕೇ ಮೊದಲು 141 ಯುವಕರನ್ನು, ಆಮೇಲೆ 89 ಮದುವೆಯಾದವರನ್ನು ಕಾದು ನಿಂತಿದ್ದ ಹಡಗುಗಳಿಗೆ ಏರಿಸಿದ. ಅಪ್ಪಂದಿರನ್ನು ಬಿಟ್ಟು ಹೋಗುವುದಿಲ್ಲ ಅಂತ ಹುಡುಗರು ನಿಂತುಬಿಟ್ಟರು. ಬಂದೂಕಿಗೆ ಬಾಯೊನೆಟ್ ಸಿಕ್ಕಿಸಲು ಆಜ್ಞೆಯಾಯಿತು. ಇಗರ್ಜಿಯಿಂದ ದಡಕ್ಕೆ ಒಂದೂವರೆ ಮೈಲಿ. ದಾರಿಯುದ್ದಕ್ಕೂ ಹೆಂಗಸರು ಮಕ್ಕಳು ಮಂಡಿಯೂರಿ ಅಳುತ್ತಾ ಪ್ರಾರ್ಥನೆ ಮಾಡುತ್ತಿದ್ದರು, ಹುಡುಗರು ಹಾಡುತ್ತಾ ಅಳುತ್ತಾ ನಡೆದರು ಅಂತ ಅವನೇ ಬರೆದಿದ್ದಾನೆ. ಇಷ್ಟು ಕೊಟ್ಟ ಮೇಲೆ ಕತೆಗಾರ್ತಿಗೆ ಸೇರಿಸಲು ಏನಿದೆ? ಏನು ಸೇರಿಸಿದರೂ ನಾಟಕವಾಗುತ್ತದೆ. ಕೊನೆಗೆ ಮಾರ್ಗರೀತಳನ್ನು ಆ ದಾರಿಗೆ ಕಳಿಸಲೇ ಇಲ್ಲ. ಗೂಡಿನಲ್ಲಿ ರೊಟ್ಟಿ ಇದೆ, ಬಿಟ್ಟು ಬಂದರೆ ಸುಟ್ಟುಹೋಗುತ್ತದೆ. ಅವಳಿಗೆ ದೂರದಿಂದ ಹಾಡು ಕೇಳಿಸುತ್ತದೆ. ಅಣ್ಣ ಅದರಲ್ಲಿದ್ದಾನೋ ಇಲ್ಲವೋ ಗೊತ್ತಿಲ್ಲ.

ಈ ವಿನ್ಸ್ಲೊನನ್ನು ಏನು ಮಾಡುವುದು ಅನ್ನುವುದೂ ತಲೆನೋವಾಗಿತ್ತು. ತನಗೆ ಈ ಕೆಲಸ ಒಗ್ಗದು, ಮನಸ್ಸಿಗೆ ಹಿತವಲ್ಲ ಅಂತ ಆಜ್ಞೆ ಓದುವಾಗಲೇ ಹೇಳಿದವನು ಅವನು. ಇಗರ್ಜಿಯನ್ನು ಸೈನಿಕರು ಬಳಸುವ ಮೊದಲು ಪೂಜೆಯ ವಸ್ತುಗಳನ್ನು ತೆಗೆದಿಟ್ಟುಕೊಳ್ಳಿ ಅಂತ ಊರಿನ ಹಿರಿಯರಿಗೆ ಹೇಳಿದವನೂ ಅವನೇ. ಇದನ್ನು ಓದಿ ಒಳ್ಳೆಯ ಮನುಷ್ಯ ಪಾಪ ಅಂತ ಕರಗುವವರಿದ್ದಾರೆ. ನಾನು ಕರಗಲಿಲ್ಲ. ಮನಸ್ಸಿಲ್ಲದೆ ಮಾಡಿದ ಕೆಲಸವನ್ನೂ ಅವನು ಎಷ್ಟು ಅಚ್ಚುಕಟ್ಟಾಗಿ ಮಾಡಿದ ಅಂತ ಅವನ ಮೊತ್ತಗಳೇ ಹೇಳುತ್ತವೆ. ಹೋಗುವ ಮೊದಲು ಸುಟ್ಟದ್ದನ್ನೂ ಪಟ್ಟಿ ಮಾಡಿದ್ದಾನೆ: ಮನೆ 255, ಕೊಟ್ಟಿಗೆ 276, ಗಿರಣಿ 11. ಕತೆಯಲ್ಲಿ ಅವನಿಗೆ ಒಂದು ಮಾತೂ ಕೊಡಲಿಲ್ಲ. ಪಾದ್ರಿ ಮನೆಯ ಕಿಟಕಿಯಲ್ಲಿ ಬರೆಯುತ್ತಾ ಕೂತಿರುವವನು, ಅಷ್ಟೇ.

ಅಕ್ಟೋಬರ್ 7ರ ರಾತ್ರಿ ನಡೆದದ್ದು ನನ್ನ ಕತೆಗೆ ಎರಡನೇ ಕಾಲು. ಹಡಗಿನಲ್ಲಿದ್ದ 24 ಯುವಕರು ತಪ್ಪಿಸಿಕೊಂಡರು. ಹೆಂಗಸರ ಬಟ್ಟೆ ಉಟ್ಟು ಪಾರಾದರು ಅನ್ನುವ ಮಾತಿದೆ. ಆ ಬಟ್ಟೆ ಅಲ್ಲಿಗೆ ಹೋದದ್ದು ಹೇಗೆ? ಊಟದ ಬುಟ್ಟಿಯಲ್ಲದೆ ಬೇರೆ ಯಾವ ದಾರಿ?

ಇಲ್ಲಿ ಮಾರ್ಗರೀತಳ ಲಂಗ ಬೇಕಾಯಿತು. ಅಕೇಡಿಯನ್ ಹೆಂಗಸರು ತಮ್ಮ ಕುರಿಗಳ ಉಣ್ಣೆ, ತಾವೇ ಬೆಳೆದ ಅಗಸೆಯ ನಾರು ನೂತು ನೇಯುತ್ತಿದ್ದರು. ಪಟ್ಟೆ ಪಟ್ಟೆಯ ಬಟ್ಟೆ ಅವರಿಗೆ ಇಷ್ಟ. ಒಳ್ಳೆ ಕೆಂಪು ಬಣ್ಣ ಮಾತ್ರ ಅವರಿಗೆ ಸಿಗುತ್ತಿರಲಿಲ್ಲ. ಅದಕ್ಕೆ ಇಂಗ್ಲಿಷರ ಕೆಂಪು ಬಟ್ಟೆ ಕೊಂಡು, ಅದನ್ನು ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸಿ, ಹಿಂಜಿ, ಮತ್ತೆ ನೂತು ತಮ್ಮ ಪಟ್ಟೆಗೆ ಸೇರಿಸುತ್ತಿದ್ದರು. ಮಾರ್ಗರೀತ್ ಆ ಕೆಂಪು ಪಟ್ಟೆಯ ಲಂಗವನ್ನು ಎರಡು ಚಳಿಗಾಲ ಕೂತು ನೇಯ್ದಿದ್ದಾಳೆ. ರೊಟ್ಟಿಯ ಕೆಳಗೆ ಮಡಚಿಟ್ಟು ಕಳಿಸುತ್ತಾಳೆ. ಬುಟ್ಟಿ ಹಿಡಿದು ನೋಡುವ ಸೈನಿಕ ಮೇಲಿನ ರೊಟ್ಟಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ, ಬಿಸಿಗೆ ಬಾಯಿ ಸುಟ್ಟುಕೊಳ್ಳುತ್ತಾನೆ, ಬೈದು ಬುಟ್ಟಿ ತಳ್ಳುತ್ತಾನೆ. ಬರೆದು ಮುಗಿಸಿ ನಾನೇ ನಕ್ಕೆ.

ತಪ್ಪಿಸಿಕೊಂಡ 24 ಜನರಲ್ಲಿ ಇಬ್ಬರಿಗೆ ಗುಂಡು ಬಿತ್ತು. ಉಳಿದ 22 ಜನ ಕೆಲವು ದಿನದಲ್ಲಿ ತಾವೇ ವಾಪಸ್ ಬಂದರು. ಬರದಿದ್ದರೆ ಮನೆಯವರಿಗೆ ಕಷ್ಟ ಅಂತ ಬೆದರಿಕೆ ಇತ್ತು. ನನ್ನ ಗಂಡ ಕರಡು ಓದಿ, ಅಣ್ಣನಿಗೆ ಗುಂಡು ಬೀಳಲಿ, ಆಗ ಓದುವವರಿಗೆ ತಟ್ಟುತ್ತದೆ ಅಂದ. ನಾನು ಒಪ್ಪಲಿಲ್ಲ. ವಾಪಸ್ ಬಂದ ಅಣ್ಣನೇ ನನಗೆ ಬೇಕು. ಅವನು ತಂಗಿಯ ಲಂಗದಲ್ಲೇ ಕಾಡಿನಿಂದ ನಡೆದು ಬರುತ್ತಾನೆ. ಅದರ ಅಂಚೆಲ್ಲ ಕೆಸರು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಮ್ಮ ಲಂಗ ಒಗೆದು ಹಾಕುತ್ತಾಳೆ.

ಇನ್ನೊಂದು ಆಸೆಯನ್ನೂ ಬಿಟ್ಟುಕೊಟ್ಟೆ. ಪೆಂಬ್ರೋಕ್ ಅನ್ನುವ ಹಡಗಿನಲ್ಲಿದ್ದ 232 ಅಕೇಡಿಯನ್ನರು ಅದೇ ಡಿಸೆಂಬರಿನಲ್ಲಿ ನಾವಿಕರನ್ನು ಹಿಡಿದುಹಾಕಿ, ಹಡಗು ತಿರುಗಿಸಿಕೊಂಡು ಸೇಂಟ್ ಜಾನ್ ನದಿಗೆ ಹೋಗಿಬಿಟ್ಟರು. ಎಂಥ ಕತೆ ಅಲ್ವಾ! ಆದರೆ ಅದು ಆನಾಪೊಲಿಸ್ ರಾಯಲ್ ಕಡೆಯವರ ಹಡಗು. ಗ್ರಾನ್‌ಪ್ರೇಯವರಿಗೆ ಆ ಭಾಗ್ಯ ಇರಲಿಲ್ಲ. ನನ್ನ ಹುಡುಗಿಯನ್ನು ಸುಮ್ನೆ ಎತ್ತಿ ಅಲ್ಲಿ ಕೂರಿಸಲು ಮನಸ್ಸು ಬರಲಿಲ್ಲ.

ಅಕ್ಟೋಬರ್ 8ರಿಂದ ಮನೆಮಂದಿಯನ್ನೆಲ್ಲ ಹಡಗಿಗೆ ಏರಿಸತೊಡಗಿದರು. ಕೈಗೂಸುಗಳನ್ನು ಎತ್ತಿಕೊಂಡ ಹೆಂಗಸರು, ನಡೆಯಲಾಗದ ಮುದುಕರನ್ನು ಕೂರಿಸಿಕೊಂಡ ಎತ್ತಿನಗಾಡಿಗಳು. ದಡದಲ್ಲಿ ಗಾಡಿ ಬಿಟ್ಟು ದೋಣಿ ಹತ್ತಬೇಕು. ಎತ್ತುಗಳು? ಹಾಗೇ ನಿಂತವು. ಐದು ವರ್ಷದ ಮೇಲೆ ಅಲ್ಲಿಗೆ ಬಂದ ಹೊಸ ಒಕ್ಕಲುಗಳಿಗೆ ದಡದಲ್ಲಿ ಗಾಡಿ, ನೊಗಗಳು ಸಿಕ್ಕವು ಅಂತ ಹೇಳಿಕೆ ಇದೆ.

ಹಡಗಿನ ಲೆಕ್ಕ ನಾನು ಹಾಕದೆ ಬಿಡುತ್ತೇನಾ? ಒಂದು ಟನ್ನಿಗೆ ಇಬ್ಬರಂತೆ ತುಂಬಬೇಕು ಅಂತ ಆಜ್ಞೆ. ಮೇರಿಲ್ಯಾಂಡಿಗೆ ಹೊರಟ ಎಲಿಜಬೆತ್ ಹಡಗು 93 ಟನ್ನಿನದು. ಅಂದರೆ 186 ಜನ. ತುಂಬಿದ್ದು 242. ಒಬ್ಬರಿಗೆ ಏಳು ದಿನಕ್ಕೆ ಐದು ಪೌಂಡ್ ಹಿಟ್ಟು, ಒಂದು ಪೌಂಡ್ ಹಂದಿಮಾಂಸ. ದಿನಕ್ಕೆ ಭಾಗಿಸಿದರೆ ಸುಮಾರು 325 ಗ್ರಾಂ ಹಿಟ್ಟು, 65 ಗ್ರಾಂ ಮಾಂಸ. ಐದು ವಾರ ಊರಿನವರಿಗೆಲ್ಲ ರೊಟ್ಟಿ ಸುಟ್ಟವಳ ಕೈಗೆ ಈಗ ಹಿಟ್ಟನ್ನು ತೂಗಿ ಕೊಡುತ್ತಾರೆ. ಅಕ್ಟೋಬರ್ 27ಕ್ಕೆ ಹಡಗುಗಳು ಹೊರಟವು. ಹಡಗು ಸಾಲದೆ ಉಳಿದ ಜನರನ್ನು ಡಿಸೆಂಬರಿನಲ್ಲಿ ಸಾಗಿಸಿದರು. ಹಡಗಿನ ಭಾಗ ನನ್ನ ಕತೆಯಲ್ಲಿ ಒಂದು ಪುಟವೂ ಇಲ್ಲ.

ಎಲಿಜಬೆತ್ ಹಡಗನ್ನೇ ಆರಿಸಿಕೊಳ್ಳಲು ಕಾರಣ ಒಂದು ಪುಸ್ತಕ. ಗ್ರಾನ್‌ಪ್ರೇಯ ಸಾಂ-ಶಾರ್ಲ್-ದೆ-ಮಿನ್ ಇಗರ್ಜಿಯಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ದಾಖಲೆ ಪುಸ್ತಕಗಳಿದ್ದವು. ಆ ಗಲಾಟೆಯಲ್ಲಿ, ಗಾಡಿ ಗಾಡಿ ಸಾಮಾನು ದಡದಲ್ಲೇ ಬಿಟ್ಟುಹೋಗುವ ಹೊತ್ತಿನಲ್ಲಿ, ಯಾರೋ ಅವನ್ನು ಹೊತ್ತುಕೊಂಡರು. ಅವು ಜನರ ಜೊತೆ ಮೇರಿಲ್ಯಾಂಡಿಗೆ ಹೋದವು. 1766ರಿಂದ ಅಲ್ಲಿದ್ದ ಅಕೇಡಿಯನ್ನರು ಗುಂಪುಗುಂಪಾಗಿ ಲೂಸಿಯಾನಾಗೆ ಹೊರಟಾಗ ಅವರ ಜೊತೆ ಮಿಸಿಸಿಪಿ ದಡದ ಸೇಂಟ್ ಗೇಬ್ರಿಯಲ್ ಊರಿಗೆ ಬಂದವು. ಈಗ ಬ್ಯಾಟನ್ ರೂಜಿನ ಧರ್ಮಪ್ರಾಂತ್ಯದ ದಾಖಲೆ ಕೋಣೆಯಲ್ಲಿವೆ. 1707ರಿಂದ 1748ರವರೆಗಿನ ನಮೂದುಗಳು ಉಳಿದಿವೆ.

1755ರಲ್ಲಿ 18 ವರ್ಷದವಳು ಅಂದರೆ ಹುಟ್ಟಿದ್ದು 1737ರಲ್ಲಿ. ನನ್ನ ಮಾರ್ಗರೀತಳಂಥವರ ಜ್ಞಾನಸ್ನಾನ ಆ ಪುಸ್ತಕದಲ್ಲಿದೆ. ಹೆಸರು, ಅಪ್ಪನ ಹೆಸರು, ಅಮ್ಮನ ತವರಿನ ಹೆಸರು. ಹೌದು, ಅಲ್ಲಿ ಹೆಂಗಸರು ಮದುವೆಯಾದ ಮೇಲೂ ದಾಖಲೆಯಲ್ಲಿ ತವರಿನ ಹೆಸರಿನಲ್ಲೇ ಇರುತ್ತಾರೆ. ವಿನ್ಸ್ಲೊನ ಪಟ್ಟಿಯಲ್ಲಿ ಅಂಕಿಯಾದವರು ತಮ್ಮ ಹೆಸರುಗಳನ್ನು ತಾವೇ ಹೊತ್ತುಕೊಂಡು ಹೋಗಿದ್ದರು. ಹ್ಯಾಲಿಫ್ಯಾಕ್ಸಿನಲ್ಲಿ ಕೂತು ಇದನ್ನು ಓದಿದ ದಿನ ನಾನು ಆಫೀಸಿನ ಕೆಲಸ ಮಾಡಲಿಲ್ಲ.

ಪುಸ್ತಕ ಹೊತ್ತವರು ಯಾರು ಅನ್ನುವ ಜಾಗದಲ್ಲಿ ಕಲ್ಪನೆಗೆ ದಾರಿ ಇತ್ತು. ಪೂಜೆಯ ವಸ್ತುಗಳನ್ನು ಹೊರಗೆ ತಂದ ಹಿರಿಯರಲ್ಲಿ ಒಡ್ಡಿನ ಆಚೆಯ ಆ ಅಜ್ಜನನ್ನು ಸೇರಿಸಿದೆ. ಅವನು ಇಗರ್ಜಿಯಿಂದ ಪುಸ್ತಕ ತಂದು ಮಾರ್ಗರೀತಳ ಅಮ್ಮನ ಹಿಟ್ಟಿನ ಮರಿಗೆಯಲ್ಲಿಡುತ್ತಾನೆ. ಮೇಲೆ ಬಟ್ಟೆ ಮುಚ್ಚಿ ಮರಿಗೆಯನ್ನೇ ಹಡಗಿಗೆ ಒಯ್ಯುತ್ತಾರೆ. ಮನೆಸಾಮಾನಿಗೆ ಅಡ್ಡಿ ಇಲ್ಲವಲ್ಲ. ಹೀಗೆ ನಡೆದಿರಲೂಬಹುದು, ಇಲ್ಲದಿರಲೂಬಹುದು, ಕತೆಗೆ ಅಷ್ಟು ಸ್ವಾತಂತ್ರ್ಯ ಇದೆ. ಆದರೆ ಕಲ್ಪನೆ ಮಾಡಿದ್ದನ್ನು ಕೊನೆಯಲ್ಲಿ ಒಂದು ಟಿಪ್ಪಣಿ ಹಾಕಿ ಹೇಳಿದ್ದೇನೆ. ನಿಜವಾಗಿ ಆ ಪುಸ್ತಕ ಹೊತ್ತವರ ಮೊಮ್ಮಕ್ಕಳ ಮೊಮ್ಮಕ್ಕಳು ಲೂಸಿಯಾನಾದಲ್ಲಿ ಇದ್ದೇ ಇರುತ್ತಾರೆ, ಅವರ ಅಜ್ಜಿಯ ಕೆಲಸವನ್ನು ನಾನು ಇನ್ಯಾರಿಗೋ ಕೊಟ್ಟ ಹಾಗಾಗಬಾರದು.

ಮಿಗ್‌ಮಾ ಜನರನ್ನು ಎಲ್ಲಿ ತರುವುದು ಅನ್ನುವುದು ಕೊನೆಯವರೆಗೂ ಕಾಡಿತು. ತಪ್ಪಿಸಿಕೊಂಡ ಎಷ್ಟೋ ಅಕೇಡಿಯನ್ನರಿಗೆ ಕಾಡಿನಲ್ಲಿ ಆಸರೆ ಕೊಟ್ಟವರು ಅವರು. ಇವರ ದುಃಖವನ್ನೇ ದೊಡ್ಡದು ಮಾಡುತ್ತಾ ಆ ನೆಲದ ಮೂಲದವರನ್ನು ಮರೆಯುವ ಬರಹ ಬೇಕಾದಷ್ಟಿದೆ. ಆದರೆ ನನ್ನ ಕತೆ ಒಂದು ಅಡುಗೆಮನೆ, ಒಂದು ದಾರಿ ಬಿಟ್ಟು ಆಚೆ ಹೋಗುವುದಿಲ್ಲ. ಸುಮ್ಮನೆ ಕಾಡಿನಲ್ಲಿ ಒಬ್ಬನನ್ನು ನಿಲ್ಲಿಸಿ ಅಣ್ಣನಿಗೆ ದಾರಿ ತೋರಿಸಿದರೆ ಅದು ಮರ್ಯಾದೆ ಅಲ್ಲ. ಅಣ್ಣ ಕಾಡಿನಲ್ಲಿದ್ದ ದಿನಗಳನ್ನು ಇನ್ನೊಂದು ಕತೆಯಾಗಿಯೇ ಬರೆಯಬೇಕು ಅಂತ ಬಿಟ್ಟಿದ್ದೇನೆ.

ಕತೆಯನ್ನು ಒಂದು ವಿಶೇಷಾಂಕಕ್ಕೆ ಕಳಿಸಿದೆ. ಅಲ್ಲಿಯವರು ಫೋನ್ ಮಾಡಿ, ಚೆನ್ನಾಗಿದೆ ಮೇಡಂ, ಆದರೆ ಹುಡುಗಿಗೆ ಮುಂದೆ ಮದುವೆ ಆಯ್ತಾ ಇಲ್ವಾ ಅಂತ ಒಂದು ಸಾಲು ಹಾಕಿ ಅಂದರು. ಹಾಕಲಿಲ್ಲ. ಉದ್ದವಾಯಿತು ಅಂದರು, ಅದಕ್ಕೆ ಹೌದು ಅಂದು ಕೊಟ್ಟಿಗೆಯ ಒಂದು ದೃಶ್ಯ ತೆಗೆದೆ. ಆಯಿ ಹೇಳಿದ ಆಕಳು ಕರೆಯುವ ದೃಶ್ಯವನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಹಡಗು ಹತ್ತುವ ದಿನ ಬೆಳಿಗ್ಗೆ ಮಾರ್ಗರೀತ್ ಎಂದಿನಂತೆ ಹಾಲು ಕರೆಯುತ್ತಾಳೆ. ಸಂಜೆಗೆ ಯಾರು ಅಂತ ಅಮ್ಮನನ್ನು ಕೇಳುತ್ತಾಳೆ. ಅಮ್ಮ ಕರುಗಳನ್ನೆಲ್ಲ ಬಿಚ್ಚಿ ತಾಯಂದಿರ ಹತ್ತಿರ ಬಿಡುತ್ತಾಳೆ, ಬೇಲಿಯ ಗೇಟು ತೆಗೆಯುತ್ತಾಳೆ.

ಈಗ ಓದುತ್ತಿರುವುದು 1759ರ ನವೆಂಬರಿನ ಬಿರುಗಾಳಿಯ ಬಗ್ಗೆ. ಜನರಿಲ್ಲದ ಗದ್ದೆಗಳ ಒಡ್ಡುಗಳನ್ನು ಸಮುದ್ರ ಆ ದಿನ ಒಡೆಯಿತು. ಮರುವರ್ಷ ನ್ಯೂ ಇಂಗ್ಲೆಂಡಿನಿಂದ ಬಂದ ಹೊಸ ಒಕ್ಕಲುಗಳಿಗೆ ಅದನ್ನು ಕಟ್ಟಲು ಬರುತ್ತಿರಲಿಲ್ಲ. ಕೊನೆಗೆ ಸೆರೆಯಲ್ಲಿದ್ದ ಅಕೇಡಿಯನ್ನರನ್ನೇ ಕರೆಸಿ, ಅವರ ಜನ ಕಟ್ಟಿದ್ದ ಒಡ್ಡನ್ನು ಅವರ ಕೈಯಿಂದಲೇ ರಿಪೇರಿ ಮಾಡಿಸಿದರು, ಬೇರೆಯವರ ಹೆಸರಿಗಾದ ಜಮೀನಿನಲ್ಲಿ. ಅದಕ್ಕೆ ಎಷ್ಟು ಕೂಲಿ ಕೊಟ್ಟರು ಅಂತ ಹುಡುಕುತ್ತಿದ್ದೇನೆ.